ಸವೆದ ಚಕ್ರ

ಜನವರಿ 11

ನಾನು ಬೆಳೆಸಿದ ಒಂಬತ್ತನೆಯ ಪದರವೂ ಸತ್ತಿದೆ, ಅಯಸ್ಕಾಂತವಾಗಲಿಲ್ಲ. ಫಲಿತಾಂಶದ ಕಾಗದ ಕೊಡುವಾಗ ಹೀಲಿಯಂ ಮಾವ ನನ್ನ ಮುಖ ನೋಡದೆ ಕಿಟಕಿಯ ಕಡೆ ನೋಡಿದರು. ಅಲ್ಲಿಗೇ ಗೊತ್ತಾಯಿತು. ಅಯಸ್ಕಾಂತದ ಶಕ್ತಿ ಅಳೆಯುವ ಯಂತ್ರ ಅವರ ಸುಪರ್ದಿಯಲ್ಲಿದೆ. ಇಪ್ಪತ್ತೆರಡು ವರ್ಷದಿಂದ ಹಸುಗೂಸಿಗೆ ಹಾಲು ಕುಡಿಸಿದ ಹಾಗೆ ಅದಕ್ಕೆ ದ್ರವ ಹೀಲಿಯಂ ಕುಡಿಸುತ್ತ ಬಂದಿದ್ದಾರೆ. ವಿಭಾಗಕ್ಕೆಲ್ಲ ಅವರು ಹೀಲಿಯಂ ಮಾವ. “ಮುಂದಿನ ಸಲ ಆಗುತ್ತೆ ಬಿಡಮ್ಮ” ಎಂದರು. ಈ ಮಾತನ್ನು ಒಂಬತ್ತು ಸಲ ಕೇಳಿದ್ದೇನೆ.

ಮೇಡಂ ಏನೂ ಹೇಳಲಿಲ್ಲ. ನನ್ನ ಸಂಶೋಧನೆಯ ಮಾರ್ಗದರ್ಶಕಿ ಅವರು. ಬೈದರೆ ಬದುಕಿಕೊಂಡೆ ಎಂದು ಅರ್ಥ, ಸುಮ್ಮನಿದ್ದರೆ ಬೆವರು ಕಿತ್ತುಕೊಂಡು ಬರುತ್ತದೆ. ಪ್ರಬಂಧ ಒಪ್ಪಿಸಲು ಉಳಿದಿರುವುದು ಇದೊಂದೇ ವರ್ಷ.

ಮನೆಗೆ ಬಂದರೆ ಅಪ್ಪನ ಕೆಮ್ಮು. ಅಪ್ಪ ನನ್ನ ಜೊತೆ ಇರಲು ಬಂದು ಹನ್ನೆರಡು ದಿನವಾಯಿತು. ಅಮ್ಮ ಹೋದ ಮೇಲೂ ಒಬ್ಬನೇ ದುಡಿದು ತಿನ್ನುತ್ತಿದ್ದವನು ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಗೋಡೆ ಹಿಡಿಯುತ್ತಾನೆ. ಮೂವತ್ತೆಂಟು ವರ್ಷ ಜನರ ಮನೆಗಳಿಗೆ ಟೈಲ್ಸ್ ಹಾಕಿದ. ಕೊಯ್ದಾಗ ಎದ್ದ ಧೂಳೆಲ್ಲ ಎದೆಯೊಳಗೆ ಕೂತಿದೆ, ಅದು ಇನ್ನು ಹೊರಗೆ ಬರುವುದಿಲ್ಲ ಎಂದರು ಡಾಕ್ಟರು. ಅವರು ಅದನ್ನು ಹೇಳುತ್ತಿರುವಾಗಲೇ ಅಪ್ಪ ಕುರ್ಚಿಯಿಂದ ಬಗ್ಗಿ, ಬೆರಳಿನ ಗೆಣ್ಣಿನಿಂದ ನೆಲ ತಟ್ಟಿ, “ಇದು ಟೊಳ್ಳು. ಕೆಳಗೆ ಗಾರೆ ಸರಿಯಾಗಿ ಕೂತಿಲ್ಲ” ಎಂದ. ಎಲ್ಲಿ ಹೋದರೂ ಇದೇ ಚಾಳಿ. ನಾಚಿಕೆಯಿಂದ ಸತ್ತೇಹೋದೆ.

ಕಿವಿಗೆ ಹತ್ತಿ ತುರುಕಿಕೊಂಡು ಇದನ್ನು ಬರೆಯುತ್ತಿದ್ದೇನೆ. ಆದರೂ ಕೇಳಿಸುತ್ತದೆ.

ಜನವರಿ 18

ಭಾನುವಾರ. ಅಪ್ಪ ಕೇಳಿದ, “ನೀನು ದಿನಾ ಅಲ್ಲಿ ಮಾಡೋದೇನು?” ಐದು ವರ್ಷದಲ್ಲಿ ಮೊದಲ ಸಲ ಕೇಳಿದ್ದು. ಅಥವಾ ಉತ್ತರ ಹೇಳುವಷ್ಟು ಹೊತ್ತು ನಾನು ಅವನ ಎದುರು ಕೂತದ್ದೇ ಮೊದಲ ಸಲವೋ ಏನೋ.

ಉಗುರಿನಷ್ಟು ಅಗಲದ ಒಂದು ಹರಳು, ಅದರ ಮೇಲೆ ಕೂದಲಿಗಿಂತ ಸಾವಿರ ಪಾಲು ತೆಳುವಾದ ಆಕ್ಸೈಡ್ ಪದರ ಬೆಳೆಸುತ್ತೇನೆ ಎಂದೆ. ಪದರದಲ್ಲಿ ನಿಕ್ಕಲ್ ಪರಮಾಣು ಇದೆ, ಮ್ಯಾಂಗನೀಸ್ ಪರಮಾಣು ಇದೆ. ಅವು ಒಂದು ಬಿಟ್ಟು ಒಂದು ಕೂತರೆ ಇಡೀ ಪದರ ಅಯಸ್ಕಾಂತವಾಗುತ್ತದೆ, ವಿದ್ಯುತ್ತು ಹರಿಯುವ ಬಗೆಯೂ ಬದಲಾಗುತ್ತದೆ. ಕಲಸಿಕೊಂಡು ಕೂತರೆ ಏನೂ ಇಲ್ಲ. ಸಾಮಾನು ಅದೇ, ತೂಕವೂ ಅದೇ.

“ಕರಿ ಟೈಲು, ಬಿಳಿ ಟೈಲು. ಅಷ್ಟೇನಾ?” ಎಂದ ಅಪ್ಪ. “ಅದನ್ನ ನಾನು ಕಣ್ಣು ಮುಚ್ಕೊಂಡು ಹಾಕ್ತೀನಿ.”

“ನೀನು ಕೈಯಲ್ಲಿ ಎತ್ತಿ ಇಡ್ತೀಯಪ್ಪ. ನಾವು ಹಬೆ ಮಾಡಿ ಸುರಿಯೋದಷ್ಟೇ. ತಾವಾಗೇ ಬಂದು ಕೂತ್ಕೋಬೇಕು.”

“ಕೂತ್ಕೋತಾವಾ?”

“ಬಿಸಿ ಇದ್ದಾಗ ಓಡಾಡಿ ಜಾಗ ಹುಡುಕ್ಕೋತಾವೆ. ಕೆಲವು.”

“ಮತ್ತೆ ಹುಡುಕ್ಕೊಳ್ಳೋಕೆ ಟೈಮು ಕೊಡು. ಒಂದು ಸಾಲು ಕೂರೋ ಮುಂಚೆ ಇನ್ನೊಂದು ಸಾಲು ತಂದು ಸುರಿದ್ರೆ ಅವೇನು ಮಾಡ್ತಾವೆ ಪಾಪ. ನಿಂಗೆ ಹುಟ್ಟಿದಾಗಿಂದ ಅವಸರ.”

ನನಗೆ ನಗು ಬಂತು, ಆಮೇಲೆ ಸಿಟ್ಟು ಬಂತು. ಮೇಡಂಗೆ ವಾರಕ್ಕೊಂದು ಪದರ ಬೇಕು, ಅದಕ್ಕೆ ನಾನು ಓಡುವುದು. ಇದನ್ನೆಲ್ಲ ಅಪ್ಪನಿಗೆ ಹೇಳಿ ಏನು ಪ್ರಯೋಜನ.

ಫೆಬ್ರವರಿ 3

ಹತ್ತನೆಯ ಪದರವನ್ನು ಮೊದಲಿಗಿಂತ ಹತ್ತು ಪಟ್ಟು ನಿಧಾನವಾಗಿ ಬೆಳೆಸಿದೆ. ಮುಗಿದ ಮೇಲೂ ಕುಲುಮೆಯನ್ನು ಒಂದು ಇಡೀ ಹಗಲು ಆರಿಸದೆ ಬಿಟ್ಟೆ. ಅಪ್ಪನ ಮಾತಿಗಲ್ಲ, ಹೇಗೂ ಕೊನೆಯ ಪ್ರಯತ್ನ, ಇದೂ ಸತ್ತರೆ ಈ ವಿಷಯವನ್ನೇ ಬಿಡುವುದು ಎಂದು. ಎಕ್ಸ್‌ರೇ ಹಾಯಿಸಿದರೆ, ಇಷ್ಟು ದಿನ ಏನೂ ಇರದ ಜಾಗದಲ್ಲಿ ಒಂದು ಮಸುಕು ಗೆರೆ ಬಂತು. ಪರಮಾಣುಗಳು ಒಂದು ಬಿಟ್ಟು ಒಂದು ಕೂತಾಗ ಮಾತ್ರ ಬರುವ ಗೆರೆ ಅದು. ಮೂರು ಸಲ ಹಾಯಿಸಿದೆ. ಮೂರು ಸಲವೂ ಬಂತು.

ಇನ್ನು ಅಯಸ್ಕಾಂತ ಆಗಿದೆಯೇ ನೋಡಬೇಕು. ಆದರೆ ಆ ಯಂತ್ರದೊಳಗೆ ಮಾದರಿಯನ್ನು ಇಳಿಬಿಡುವುದು ಜ್ಯೂಸು ಕುಡಿಯುವ ಸ್ಟ್ರಾದಲ್ಲಿ. ಅಷ್ಟು ದೊಡ್ಡ ಯಂತ್ರ, ಅದಕ್ಕೆ ಅಂಗಡಿಯ ಸ್ಟ್ರಾ! ಸ್ಟ್ರಾದೊಳಗೆ ಹಿಡಿಯಬೇಕಾದರೆ ಹರಳನ್ನು ನಾಲ್ಕು ತುಂಡು ಮಾಡಬೇಕು. ನಮ್ಮ ವಜ್ರದ ಗರಗಸ ನಿನ್ನೆಯಿಂದ ಕೆಟ್ಟು ಕೂತಿದೆ. ಯಂತ್ರದಲ್ಲಿ ನನ್ನ ಸರದಿ ನಾಳೆ ಬೆಳಗ್ಗೆ, ಅದು ತಪ್ಪಿದರೆ ಇನ್ನು ಇಪ್ಪತ್ತಮೂರು ದಿನಕ್ಕೆ.

ಮಾದರಿಯನ್ನು ಡಬ್ಬಿಯಲ್ಲಿಟ್ಟು ಬ್ಯಾಗಿಗೆ ಹಾಕಿಕೊಂಡು ಮನೆಗೆ ಬಂದೆ. ಪ್ರಯೋಗಾಲಯದಿಂದ ಮಾದರಿ ಹೊರಗೆ ಒಯ್ಯಬಾರದು ಎಂದು ಬಾಗಿಲ ಮೇಲೇ ಬರೆದಿದೆ. “ಅಪ್ಪಾ, ಇದನ್ನ ನಾಲ್ಕು ತುಂಡು ಮಾಡಕ್ಕಾಗುತ್ತಾ?” ಎಂದೆ.

ಅಪ್ಪ ಮೊದಲು ಕೈ ತೊಳೆದು ಬಂದ. ಅವನ ಸಾಮಾನಿನ ಚೀಲ ಮಂಚದ ಕೆಳಗಿತ್ತು. ಅದರಿಂದ ಪೆನ್ನಿನಷ್ಟುದ್ದದ ಹಿಡಿ ತೆಗೆದ, ತುದಿಯಲ್ಲಿ ಬೇಳೆಕಾಳಿನಷ್ಟು ಪುಟ್ಟ ಚಕ್ರ. ಅಡುಗೆಮನೆಯ ಮೇಜಿನ ಮೇಲೆ ಹರಳಿಟ್ಟು, ಉಸಿರು ಹಿಡಿದು, ಒಂದು ಗೆರೆ ಎಳೆದ. ಗೆರೆಯ ಅಡಿಗೆ ಬೆಂಕಿಕಡ್ಡಿ ಇಟ್ಟು ಎರಡೂ ಕಡೆ ಹೆಬ್ಬೆರಳು ಒತ್ತಿದ. ಟಕ್. ಇನ್ನೊಂದು ಸಲ, ಟಕ್, ಟಕ್. ನಾಲ್ಕೂ ತುಂಡು ಅಳೆದು ಕೊಯ್ದ ಹಾಗೆ ಬಂದವು. ಆ ಹೊತ್ತೆಲ್ಲ ಅವನು ಒಂದು ಸಲವೂ ಕೆಮ್ಮಲಿಲ್ಲ. ಮುಗಿದ ಮೇಲೆ ಕಾಲು ಗಂಟೆ ಬಿಡದೆ ಕೆಮ್ಮಿದ.

ಫೆಬ್ರವರಿ 5

ಅಯಸ್ಕಾಂತ! ಅಯಸ್ಕಾಂತ! ಅದೂ ನಾವು ಕೂತು ಚಹಾ ಕುಡಿಯುವ ಕೋಣೆಯ ಬಿಸಿಗೆ! ಈ ಬಗೆಯ ಪದರಗಳು ಹಿಮದ ತಂಪಿನ ಹತ್ತಿರ ಹೋದರೆ ಮಾತ್ರ ಅಯಸ್ಕಾಂತವಾಗುತ್ತವೆ ಎಂದು ಎಲ್ಲರೂ ತಿಳಿದಿದ್ದರು. ಹೀಲಿಯಂ ಮಾವ ಈ ಸಲ ಕಾಗದ ಕೊಡುವ ಮೊದಲೇ ನಗುತ್ತಿದ್ದರು. ಮೇಡಂ ಎದ್ದು ಬಂದು ನನ್ನ ಭುಜ ಹಿಡಿದು ಅಲುಗಾಡಿಸಿದರು. ಅವರಿಗೆ ನಗಲು ಬರುತ್ತದೆ ಎಂದು ಇವತ್ತು ಗೊತ್ತಾಯಿತು.

“ಗರಗಸ ಕೆಟ್ಟಿತ್ತಲ್ಲ, ಕೊಯ್ದಿದ್ದು ಹೇಗೆ?” ಎಂದರು.

“ಸೋಮವಾರಾನೇ ಕೊಯ್ದಿಟ್ಟಿದ್ದೆ ಮೇಡಂ, ಕೆಡೋ ಮುಂಚೆ” ಎಂದೆ. ಬಾಯಿಗೆ ಬಂದದ್ದು ಹೇಳಿದೆ. ಟೈಲ್ಸ್ ಹಾಕುವ ನಮ್ಮಪ್ಪ ಅಡುಗೆಮನೆಯಲ್ಲಿ ಕೊಯ್ದ ಎಂದು ಹೇಳಲು ಆಗುತ್ತದೆಯೇ?

ಅಪ್ಪನಿಗೆ ಹೇಳಿದಾಗ ಅವನು ಬಹಳ ಹೊತ್ತು ತನ್ನ ಕೈ ನೋಡಿಕೊಂಡ. “ಪೇಪರಲ್ಲಿ ಬರುತ್ತಾ?”

“ನಮ್ಮೋರು ಓದೋ ಪತ್ರಿಕೇಲಿ ಬರುತ್ತೆ.”

“ನನ್ನ ಹೆಸರೂ ಹಾಕ್ತಾರಾ? ಕೊಯ್ದಿದ್ದು ಇಂಥೋನು ಅಂತ?” ತಮಾಷೆ ಮಾಡುತ್ತಿದ್ದಾನೆ ಎಂದುಕೊಂಡೆ. “ಅಷ್ಟು ನೆಲ ಹಾಕಿದೀನಿ, ಒಂದರ ಮೇಲೂ ನನ್ನ ಹೆಸರಿಲ್ಲ” ಎಂದ.

ನೋಡೋಣ ಎಂದು ಹೇಳಿ ಎದ್ದೆ.

ಫೆಬ್ರವರಿ 24

ಅದೇ ವಿಧಾನದಲ್ಲಿ ಇನ್ನೆರಡು ಪದರ ಬೆಳೆಸಿದೆ, ಎರಡೂ ಅಯಸ್ಕಾಂತ. ಈಗ ಹೀಲಿಯಂ ಮಾವ ಸರದಿ ಕಾಯಿಸದೆ ನಮ್ಮದನ್ನು ಅಳೆದುಕೊಡುತ್ತಾರೆ. ಗರಗಸ ರಿಪೇರಿಯಾಗಿದೆ. ಆದರೂ ಎರಡನ್ನೂ ಮನೆಗೇ ತಂದೆ. ಕೈಗೂಡಿದ್ದನ್ನು ಬದಲಿಸುವುದು ಯಾಕೆ? ಅಪ್ಪನ ಕೈಗುಣ ಚೆನ್ನಾಗಿದೆ. ಓದಿದವಳು ಬರೆಯುವ ಮಾತೇ ಇದು! ಯಾರೂ ನೋಡುವುದಿಲ್ಲವಲ್ಲ.

ಲೇಖನ ಕಳಿಸಿಯಾಯಿತು. ವಿಧಾನದ ಭಾಗದಲ್ಲಿ “ಮಾದರಿಗಳನ್ನು ವಜ್ರದ ಗರಗಸದಿಂದ ಕೊಯ್ಯಲಾಯಿತು” ಎಂದು ನಾನೇ ಬರೆದೆ. ಒಂದೇ ಸಾಲು, ಬರೆಯಲು ಅರ್ಧ ನಿಮಿಷವೂ ಬೇಕಾಗಲಿಲ್ಲ.

ಏಪ್ರಿಲ್ 9

ಮನೆಗೆ ಆಮ್ಲಜನಕದ ಯಂತ್ರ ಬಂದಿದೆ. ಗುಂಯ್ ಎನ್ನುತ್ತಲೇ ಇರುತ್ತದೆ. ಮೂಗಿನ ಕೊಳವೆ ಅಡುಗೆಮನೆಯವರೆಗೆ ಬರುತ್ತದೆ, ಬಾಗಿಲವರೆಗೆ ಬರುವುದಿಲ್ಲ. ಬೇರೇನೂ ಬರೆಯಲು ಮನಸ್ಸಿಲ್ಲ.

ಮೇ 16

ಲೇಖನ ಪ್ರಕಟವಾಯಿತು. ಮೇಡಂ ಅದರ ಮೊದಲ ಪುಟವನ್ನು ಬಣ್ಣದಲ್ಲಿ ಅಚ್ಚು ಹಾಕಿಸಿ ಪಡಸಾಲೆಯ ಗೋಡೆಗೆ ಅಂಟಿಸಿದ್ದಾರೆ. ಪ್ರಬಂಧ ಬರೆಯಲು ಕೂರು ಎಂದರು. ಆಗಸ್ಟಿನಲ್ಲಿ ಒಪ್ಪಿಸಬಹುದು.

ಅಪ್ಪ ಪುಟವನ್ನು ಕಣ್ಣಿಗೆ ಹತ್ತಿರ ಹಿಡಿದು ಮೇಲಿಂದ ಕೆಳಗೆ ಬೆರಳು ಆಡಿಸಿದ. ತನ್ನ ಹೆಸರನ್ನು ಹುಡುಕುತ್ತಿದ್ದಾನೆ ಎಂದು ಗೊತ್ತಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. “ಓದಿದೋರ ಹೆಸರು ಮಾತ್ರ ಹಾಕ್ತಾರಪ್ಪ” ಎಂದೆ. “ಹೌದು ಮತ್ತೆ” ಎಂದು ಮಡಿಸಿ ದಿಂಬಿನ ಕೆಳಗೆ ಇಟ್ಟುಕೊಂಡ.

ಜೂನ್ 20

ದೂರದ ಒಂದು ಪ್ರಯೋಗಾಲಯದಿಂದ ಪತ್ರ ಬಂದಿದೆ. ನನ್ನಂತೆಯೇ ಪ್ರಬಂಧ ಬರೆಯುತ್ತಿರುವ ಹುಡುಗಿ. ನಮ್ಮ ವಿಧಾನವನ್ನು ಅಕ್ಷರಶಃ ಅನುಸರಿಸಿ ಏಳು ಪದರ ಮಾಡಿದ್ದಾಳೆ. ಎಕ್ಸ್‌ರೇ ಗೆರೆ ಬರುತ್ತದೆ, ಪರಮಾಣು ಸರಿಯಾಗಿ ಕೂತಿವೆ, ಆದರೆ ನಾಲ್ಕು ಡಿಗ್ರಿಗಿಂತ ಮೇಲೆ ಅಯಸ್ಕಾಂತ ಮಾಯ. “ಇಲ್ಲಿ ಎಲ್ಲರೂ ನನ್ನ ಕೈ ಸರಿಯಿಲ್ಲ ಎನ್ನುತ್ತಿದ್ದಾರೆ. ನೀವು ಬರಿಯ ಹರಳನ್ನು ಅದೇ ರೀತಿ ಕೊಯ್ದು ಅಳೆದಿದ್ದೀರಾ? ದಯವಿಟ್ಟು ತಿಳಿಸಿ” ಎಂದು ಬರೆದಿದ್ದಾಳೆ.

“ಹೊಟ್ಟೆಕಿಚ್ಚು” ಎಂದರು ಮೇಡಂ. “ಬರೀ ಹರಳು ಅಳೆದು ಮುಖಕ್ಕೆ ಹಿಡಿ. ಒಂದು ದಿನದ ಕೆಲಸ.”

ಅಳೆದಿರಲಿಲ್ಲ. ಮೊದಲ ವರ್ಷದ ಮಕ್ಕಳಿಗೂ ಹೇಳಿಕೊಡುವ ಕೆಲಸ ಅದು. ಹಳೆಯ ಒಂಬತ್ತು ಪದರ ಸೊನ್ನೆ ಬಂದಿದ್ದರಿಂದ ಹರಳಿನಲ್ಲೇನೂ ಇಲ್ಲ ಎಂದುಕೊಂಡಿದ್ದೆ. ಆ ಒಂಬತ್ತನ್ನೂ ಕೊಯ್ದದ್ದು ಗರಗಸ.

ಜೂನ್ 22

ಪದರವಿಲ್ಲದ ಬರಿಯ ಹರಳನ್ನು ಮನೆಗೆ ತಂದೆ. ಅಪ್ಪನಿಗೆ ಏನೂ ಹೇಳಲಿಲ್ಲ, ಇನ್ನೊಂದು ಕೆಲಸ ಎಂದಷ್ಟೇ ಹೇಳಿದೆ. ಅವನ ಮುಖ ಅರಳಿತು. ಮೂಗಿನ ಕೊಳವೆ ಸರಿಮಾಡಿಕೊಂಡು ಮೇಜಿಗೆ ಬಂದ. ಮೊದಲ ಗೆರೆ ಸೊಟ್ಟಗಾಯಿತು. ಎರಡನೆಯದಕ್ಕೆ ಚಕ್ರ ಕಿರ್ರ್ ಎಂದಿತು, ಅಪ್ಪ ಅದನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿ ನೋಡಿದ. “ಏನಪ್ಪಾ?” ಎಂದೆ. “ಏನಿಲ್ಲ” ಎಂದ.

ಕೊಯ್ದ ತುಂಡುಗಳನ್ನು ಬೆಳಕಿಗೆ ಹಿಡಿದು, “ಮೊದಲಿನ ಹಾಗಿಲ್ಲ ಅಲ್ವಾ?” ಎಂದು ಕೇಳಿದ.

“ಚೆನ್ನಾಗಿದೆ” ಎಂದೆ.

ಜೂನ್ 25

ಬರಿಯ ಹರಳೂ ಅಯಸ್ಕಾಂತ.

ಜೂನ್ 26

ನಿನ್ನೆ ಹೆಚ್ಚು ಬರೆಯಲಾಗಲಿಲ್ಲ. ಹೀಲಿಯಂ ಮಾವ ಕಾಗದವನ್ನು ಮೇಜಿನ ಮೇಲೆ ಬೋರಲು ಇಟ್ಟು ಹೊರಗೆ ಹೋದರು.

ಇವತ್ತು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಕೊಯ್ದ ಅಂಚಿನುದ್ದಕ್ಕೂ ಕಪ್ಪು ಚುಕ್ಕೆ. ಅಪ್ಪ ಸ್ನಾನಕ್ಕೆ ಹೋದಾಗ ಚಕ್ರವನ್ನು ಚೀಲದಿಂದ ತೆಗೆದುಕೊಂಡು ಹೋಗಿದ್ದೆ, ಅದನ್ನೂ ನೋಡಿದೆ. ಚಕ್ರ ತಿರುಗುವ ಉಕ್ಕಿನ ಅಚ್ಚು ಸವೆದು ಒಂದು ಕಡೆ ಕತ್ತಿಯಂತೆ ತೆಳುವಾಗಿದೆ. ಒಂದೊಂದು ಗೆರೆಗೂ ಅದರ ಪುಡಿ ಉದುರಿದೆ. ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು ಕಬ್ಬಿಣ ಸಾಕು, ನನ್ನ ಪದರವನ್ನೆಲ್ಲ ಮುಳುಗಿಸಿಬಿಡುತ್ತದೆ. ಐದು ತಿಂಗಳು ನಾವು ಅಳೆದು ಕುಣಿದದ್ದು ಅಪ್ಪನ ಚಕ್ರದ ಧೂಳನ್ನು.

ಹತ್ತನೆಯ ಪದರದ ಅಂಚನ್ನು ಆಮ್ಲದಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ತೊಳೆದು, ಮತ್ತೆ ಯಂತ್ರಕ್ಕೆ ಕೊಟ್ಟೆ. ಕೋಣೆಯ ಬಿಸಿಯಲ್ಲಿ ಸೊನ್ನೆ. ತಂಪು ಮಾಡುತ್ತ ಹೋದರೆ ನಾಲ್ಕು ಡಿಗ್ರಿಗೆ ಎದ್ದು ಕೂತಿತು. ಆ ದೂರದ ಹುಡುಗಿಯದು ನಾಲ್ಕು ಡಿಗ್ರಿ, ನಮ್ಮದೂ ನಾಲ್ಕು. ಅವಳ ಕೈ ಸರಿಯಾಗಿಯೇ ಇತ್ತು. ನಿಧಾನ ಮಾಡಿದ್ದರಿಂದ ಪರಮಾಣುಗಳು ಒಂದು ಬಿಟ್ಟು ಒಂದು ಕೂತದ್ದು ನಿಜ, ಅವು ಅಯಸ್ಕಾಂತವಾದದ್ದೂ ನಿಜ. ಫ್ರಿಜ್ಜಿನಲ್ಲಿಟ್ಟರೆ ಮಾತ್ರ. ಹೊಸದೇನೂ ಅಲ್ಲ, ಎಲ್ಲರಿಗೂ ಗೊತ್ತಿದ್ದದ್ದೇ.

ಜುಲೈ 1

ಮೇಡಂಗೆ ಹೇಳಿದೆ. ಎಲ್ಲವನ್ನೂ. ಅವರು ಬೈಯಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಬಹಳ ಹೊತ್ತು ಕಣ್ಣುಜ್ಜಿಕೊಂಡರು.

“ತಿದ್ದುಪಡಿ ಕಳಿಸೋಣ” ಎಂದರು ಕೊನೆಗೆ. “ಎರಡು ಸಾಲು. ‘ಮಾದರಿಯನ್ನು ಮುಟ್ಟುವಾಗ ಕಬ್ಬಿಣದ ಅಂಶ ಸೇರಿದ್ದರಿಂದ’ ಅಂತ ಬರಿ, ಸಾಕು. ಎಲ್ಲಾ ಕಡೆ ಆಗೋದೇ.”

“ಗರಗಸ ಅಂತ ಬರೆದಿದೀವಲ್ಲ ಮೇಡಂ?”

“ಅದನ್ನ ಯಾರು ಕೇಳ್ತಾರೆ? ಇಲ್ಲಿ ನೋಡು, ಮಾದರಿ ಹೊರಗೆ ಒಯ್ದೆ, ಲೇಖನದಲ್ಲಿ ಸುಳ್ಳು ಬರೆದೆ ಅಂತ ನೀನೇ ಬಾಯಿ ಬಿಟ್ರೆ ಸಮಿತಿಗೆ ಹೋಗುತ್ತೆ. ಆಗಸ್ಟು ಇರ್ಲಿ, ಪದವಿ ಸಿಗುತ್ತೋ ಇಲ್ವೋ ಅನ್ನೋದೂ ನಾನು ಹೇಳಕ್ಕಾಗಲ್ಲ. ಮನೆ, ಅಡುಗೆಮನೆ, ನಿಮ್ಮ ತಂದೆ, ಅದನ್ನೆಲ್ಲ ಯಾಕೆ ಎಳೀತೀಯ? ಪಾಪ, ಕಾಯಿಲೆ ಮನುಷ್ಯ. ಅವರ ಹೆಸರಿಗೆ ಯಾಕೆ ಮಸಿ?”

ಮೇಡಂ ಹೇಳುವುದರಲ್ಲಿ ತಪ್ಪಿಲ್ಲ. ಅಪ್ಪನನ್ನು ಕಾಪಾಡಿದಂತೆಯೂ ಆಗುತ್ತದೆ, ನನ್ನ ಪದವಿಯೂ ಉಳಿಯುತ್ತದೆ. ಎರಡು ಸಾಲು ಬರೆದಿಟ್ಟೆ. ಚೆನ್ನಾಗಿಯೇ ಇದೆ.

ಮೇಡಂ ಕೋಣೆಯ ಬಾಗಿಲ ಬಳಿ ಎರಡನೆಯ ಸಾಲಿನ ಟೈಲು ಟೊಳ್ಳು.

ಜುಲೈ 4

ಎರಡು ಸಾಲನ್ನು ಇನ್ನೂ ಕಳಿಸಿಲ್ಲ. ನಾಲ್ಕು ಸಲ ಓದಿದೆ. ಫೆಬ್ರವರಿಯಲ್ಲಿ ಅಪ್ಪನನ್ನು ಮುಚ್ಚಿಟ್ಟದ್ದು ನಾಚಿಕೆಯಿಂದ. ಈಗಿನದು ಕರುಣೆಯಂತೆ! ಸಾಲು ಮಾತ್ರ ಅದೇ, ಅದರಲ್ಲಿ ಆಗಲೂ ಅವನಿಲ್ಲ, ಈಗಲೂ ಅವನಿಲ್ಲ.

ಜುಲೈ 5

ಅಪ್ಪ ಚೀಲ ತಡಕುತ್ತಿದ್ದ. “ಚಕ್ರ ಎಲ್ಲಿ ಹೋಯ್ತೇ?”

ಕೂರಿಸಿ ಹೇಳಿದೆ. ಹೇಗೆ ಹೇಳಿದೆನೋ ನೆನಪಿಲ್ಲ. ಅವನು ಕಣ್ಣು ಮಿಟುಕಿಸದೆ ಕೇಳಿದ.

“ನೀನು ಒರೆಸಲಿಲ್ವಾ?” ಎಂದ.

“ಏನು?”

“ಟೈಲು ಹಾಕಿದ ಮೇಲೆ ಒದ್ದೆ ಬಟ್ಟೇಲಿ ಒರೆಸದೆ ನಾನು ಯಾರಿಗೂ ನೆಲ ತೋರಿಸಿದೋನಲ್ಲ. ಕೊಯ್ದ ಮೇಲೆ ಧೂಳು ಇದ್ದೇ ಇರುತ್ತಲ್ಲೇ. ಒರೆಸಿ ನೋಡ್ಬೇಕಲ್ವಾ?”

ಅಪ್ಪ ಗೋಡೆಯ ಕಡೆ ತಿರುಗಿ ಮಲಗಿದ. ಮಧ್ಯಾಹ್ನ ಕಲಸಿಟ್ಟ ಅನ್ನ ಹಾಗೇ ಉಳಿಯಿತು. ಸಂಜೆ ಚಹಾ ಕೊಡಲು ಹೋದಾಗ, ದಿಂಬಿನ ಕೆಳಗಿನ ಪುಟ ಹೊರಗೆ ತೆಗೆದು ಎದೆಯ ಮೇಲೆ ಇಟ್ಟುಕೊಂಡಿದ್ದ.

“ಚಕ್ರ ಸವೆದಿದೆ ಅಂತ ನಂಗೆ ಗೊತ್ತಿತ್ತು ಕಣೇ” ಎಂದ. “ಆವತ್ತು ಕಿರ್ರ್ ಅಂದಿತಲ್ಲ, ಆವಾಗಲ್ಲ, ಅದಕ್ಕೂ ಮುಂಚೇನೇ. ಹೊಸದು ತಗೋಬೇಕಿತ್ತು. ಇನ್ನೇನು ಕೆಲಸ ಇದೆ ನಂಗೆ ಅಂತ ಬಿಟ್ಟೆ. ನೀನು ಮತ್ತೆ ಮತ್ತೆ ಕೆಲಸ ತಂದುಕೊಟ್ಯಲ್ಲ, ಸವೆದಿದೆ ಅಂದ್ರೆ ನೀನು ತರೋದು ನಿಲ್ಲಿಸ್ತೀಯೇನೋ ಅಂತ...”

ಅಲ್ಲಿಗೆ ಕೆಮ್ಮು ಬಂತು. ಬೆನ್ನು ನೀವಿದೆ. ಬೆನ್ನೆಲುಬು ಒಂದೊಂದೂ ಕೈಗೆ ಸಿಗುತ್ತದೆ.

“ಯಾರು ಕೊಯ್ದಿದ್ದು ಅಂತ ಬರೀತೀಯಾ?” ಎಂದ, ಉಸಿರು ಬಂದ ಮೇಲೆ.

“ಬರೀಬಾರದು ಅಂತಾರೆ ಮೇಡಂ. ನಿಂಗೆ ಕೆಟ್ಟ ಹೆಸರು ಬರುತ್ತೆ ಅಂತ.”

“ಕೆಟ್ಟ ಹೆಸರಾದ್ರೂ ಸರಿ, ನಂದೇ ತಾನೆ?” ಎಂದ. ಆಮೇಲೆ, “ಆದ್ರೆ ಸರಿಯಾಗಿ ಬರಿ. ಸವೆದ ಚಕ್ರ ಅಂತ ಬರಿ. ಬರೀ ಚಕ್ರ ಅಂದ್ರೆ ಕೊಯ್ದೋನ ಕೈ ಸರಿ ಇರ್ಲಿಲ್ಲ ಅಂದ್ಕೋತಾರೆ.”

ಜುಲೈ 6

ಬರೆದೆ. ಮಾದರಿಗಳನ್ನು ಪ್ರಯೋಗಾಲಯದ ಗರಗಸದಿಂದ ಕೊಯ್ಯಲಾಯಿತು ಎಂಬುದು ನಿಜವಲ್ಲ. ಅವನ್ನು ಮೊದಲ ಲೇಖಕಿಯ ಮನೆಯಲ್ಲಿ ಅವಳ ತಂದೆ (ಪೂರ್ತಿ ಹೆಸರು), ಟೈಲ್ಸ್ ಕೆಲಸಗಾರರು, ಸವೆದ ಚಕ್ರದಿಂದ ಕೊಯ್ದರು. ಕೊಯ್ದ ಮೇಲೆ ಅಂಚನ್ನು ಒರೆಸದೆ ಅಳೆದದ್ದು ಲೇಖಕಿಯ ತಪ್ಪು. ಆಮೇಲೆ ಅಳತೆಗಳು, ನಾಲ್ಕು ಡಿಗ್ರಿಯ ಚಿತ್ರ. ಆ ದೂರದ ಹುಡುಗಿಗೆ ಒಂದು ಪ್ರತಿ ಕಳಿಸಿ, ಅವಳ ಕೈಯಲ್ಲಿ ತಪ್ಪಿರಲಿಲ್ಲ ಎಂದು ಬರೆದೆ.

ಮೇಡಂ ಓದಿ, “ನಿನ್ನ ಇಷ್ಟ” ಎಂದು ಸಹಿ ಹಾಕಿದರು. ಗೋಡೆಯ ಮೇಲಿದ್ದ ಬಣ್ಣದ ಪುಟವನ್ನು ಅವರೇ ಕಿತ್ತರು. ಅಂಟು ಕಿತ್ತು ಬಂದ ಕಡೆ ಸುಣ್ಣ ಎದ್ದಿದೆ.

ಜುಲೈ 24

ಸಮಿತಿ ತೀರ್ಮಾನ ಹೇಳಿತು. ಆರು ತಿಂಗಳು ಪ್ರಯೋಗಾಲಯಕ್ಕೆ ಕಾಲಿಡುವಂತಿಲ್ಲ. ಪ್ರಬಂಧ ಒಪ್ಪಿಸುವುದು ಮುಂದಿನ ವರ್ಷ, ಅದೂ ಅವರು ಮತ್ತೆ ಕೂತು ಒಪ್ಪಿದರೆ. ಬೀಗದ ಕೈ ಕೊಟ್ಟು ಬಂದೆ. ಹೀಲಿಯಂ ಮಾವ ಹೊರಬಾಗಿಲವರೆಗೂ ಬಂದರು, ಮುಂದಿನ ಸಲ ಆಗುತ್ತೆ ಎಂದು ಈ ಸಲ ಹೇಳಲಿಲ್ಲ.

ಅಪ್ಪನಿಗೆ ರಜೆ ಎಂದು ಹೇಳಿದ್ದೇನೆ. “ಎಷ್ಟು ದಿನ?” ಎಂದ. “ತುಂಬಾ ದಿನ” ಎಂದೆ. “ಒಳ್ಳೇದಾಯ್ತು” ಎಂದ. ಅವನು ನಂಬಿದನೋ ಇಲ್ಲವೋ ತಿಳಿಯದು.

ಆಗಸ್ಟ್ 13

ಇವತ್ತು ಅಪ್ಪ ಟೈಲ್ಸ್ ಹಾಕುವುದು ಹೇಳಿಕೊಟ್ಟ, ಮಲಗಿದಲ್ಲಿಂದಲೇ. ಇಬ್ಬರು ಎರಡು ಮೂಲೆಯಿಂದ ಶುರು ಮಾಡಬಾರದು. ಇಬ್ಬರದೂ ಸರಿಯಾಗಿಯೇ ಇರುತ್ತದೆ, ನಡುವೆ ಸೇರುವಲ್ಲಿ ಕರಿಯ ಪಕ್ಕ ಕರಿ ಬಂದು ಕೂರುತ್ತದೆ. ಹಾಗೆ ಒಂದು ದೊಡ್ಡ ಹಜಾರವನ್ನೇ ಕಿತ್ತು ಮತ್ತೆ ಹಾಕಿದ್ದನಂತೆ. ನಮ್ಮ ಪದರದಲ್ಲೂ ಹಾಗೇ ಆಗುತ್ತದೆ, ಅಲ್ಲಿಯೇ ಅಯಸ್ಕಾಂತ ಮುರಿಯುತ್ತದೆ ಎಂದೆ. “ಮತ್ತೆ? ನೀವೇನು ಆಕಾಶದಿಂದ ಇಳಿದೋರಾ?” ಎಂದು ನಕ್ಕ. ನಕ್ಕದ್ದಕ್ಕೆ ಉಸಿರು ಸಿಗದೆ ತುಟಿ ನೀಲಿಯಾಯಿತು.

ಮೂರು ಮೆತ್ತೆ ಕೊಟ್ಟರೆ ಕೂತು ಉಸಿರಾಡಬಲ್ಲ, ಎರಡು ಸಾಲುವುದಿಲ್ಲ. ಅನ್ನವನ್ನು ಎರಡು ಸಲ ಹಿಸುಕಬೇಕು. ಬೆಳಗ್ಗೆ ಹನ್ನೊಂದರ ಹೊತ್ತಿಗೆ ಸ್ವಲ್ಪ ಚೆನ್ನಾಗಿರುತ್ತಾನೆ. ಕೆಮ್ಮು ನಿಂತರೆ ನಾನು ಕೋಣೆಗೆ ಓಡಿ ಎದೆ ಏಳುತ್ತಿದೆಯೇ ನೋಡುತ್ತೇನೆ.

ಸೆಪ್ಟೆಂಬರ್ 2

ಆಸ್ಪತ್ರೆ. ಐದನೆಯ ದಿನ. ನಮ್ಮ ವಾರ್ಡಿನ ನೆಲ ಪರವಾಗಿಲ್ಲ, ಗಟ್ಟಿಯಾಗಿದೆ. ಅಪ್ಪನಿಗೆ ಹೇಳಿದೆ. ತಲೆ ಆಡಿಸಿದ.

ಸೆಪ್ಟೆಂಬರ್ 6

ಬೆಳಗ್ಗೆ ಹನ್ನೊಂದಕ್ಕೆ ಅಪ್ಪ ಹೋದ. ಚೆನ್ನಾಗಿರುವ ಹೊತ್ತು ಅದು.

ಸೆಪ್ಟೆಂಬರ್ 19

ಆಮ್ಲಜನಕದ ಯಂತ್ರವನ್ನು ಬಂದು ಒಯ್ದರು. ಮನೆಯಲ್ಲಿ ಸದ್ದೇ ಇಲ್ಲ. ಸದ್ದಿಲ್ಲದಿದ್ದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ನಲ್ಲಿಯನ್ನು ಸ್ವಲ್ಪ ತಿರುಗಿಸಿ ತೊಟ್ಟಿಕ್ಕಲು ಬಿಟ್ಟಿದ್ದೇನೆ.

ತಿದ್ದುಪಡಿಯ ಕರಡಚ್ಚು ಬಂದಿದೆ. ಪತ್ರಿಕೆಯವರು ಅಂಚಿನಲ್ಲಿ ಒಂದು ಪ್ರಶ್ನೆ ಹಾಕಿದ್ದಾರೆ: “‘ಸವೆದ’ ಎಂಬ ಪದ ಅನಗತ್ಯವೆನಿಸುತ್ತದೆ. ತೆಗೆಯಬಹುದೇ?” ಮೇಡಂ ಅದರ ಕೆಳಗೆ, ತೆಗೆಯಬಹುದು ಎಂದು ಪೆನ್ಸಿಲ್ಲಿನಲ್ಲಿ ಬರೆದಿದ್ದರು.

ಅಳಿಸಿದೆ. ತೆಗೆಯಬಾರದು, ಅಗತ್ಯವಿದೆ ಎಂದು ಬರೆದು ಕಳಿಸಿದೆ.

ಅಕ್ಟೋಬರ್ 14

ಮಧ್ಯಾಹ್ನ ಹೀಲಿಯಂ ಮಾವ ಬಂದರು. ನಮ್ಮ ಮನೆಗೆ ಅವರು ಬಂದದ್ದು ಮೊದಲ ಸಲ. ತಿದ್ದುಪಡಿ ಅಚ್ಚಾದ ಪತ್ರಿಕೆ ತಂದಿದ್ದರು, ಮಡಿಸದೆ, ಎರಡು ರಟ್ಟಿನ ನಡುವೆ ಇಟ್ಟುಕೊಂಡು. ಕೊಡುವಾಗ ನನ್ನ ಮುಖವನ್ನೇ ನೋಡಿದರು. ಎಲ್ಲಿ ಇಡಲಿ ಎಂದು ಕೇಳಿದರು.

“ಒಂದು ನಿಮಿಷ ಮಾವ” ಎಂದೆ. ಬಟ್ಟೆ ಒದ್ದೆ ಮಾಡಿಕೊಂಡು ಬಂದು ಅಡುಗೆಮನೆಯ ಮೇಜನ್ನು ಒರೆಸಿದೆ. ಅಂಚುಗಳನ್ನೂ ಒರೆಸಿದೆ. ಆರುವವರೆಗೆ ಇಬ್ಬರೂ ನಿಂತಿದ್ದೆವು. ಆಮೇಲೆ ಪುಟವನ್ನು ಮೇಜಿನ ಮೇಲಿಟ್ಟು, ಮೇಲಿಂದ ಕೆಳಗೆ ಬೆರಳು ಆಡಿಸುತ್ತ ಹೋದೆ. ನಾಲ್ಕನೆಯ ಸಾಲಿನಲ್ಲಿ ಅಪ್ಪ ಸಿಕ್ಕಿದ. ಹೆಸರು ಪೂರ್ತಿಯಾಗಿದೆ, ಅಕ್ಷರ ತಪ್ಪಿಲ್ಲ. ಟೈಲ್ಸ್ ಕೆಲಸಗಾರರು ಎಂದಿದೆ. ಸವೆದ ಚಕ್ರ ಎಂದೇ ಇದೆ.